ಬಕ್‌ನಲ್ಲಿ ಗೆದ್ದರೂ ಮಡಿಕೇರಿ ಉಳಿಯಲಿಲ್ಲ

ಇಂಗ್ಲಿಷರು ಬಂದರು, ಹತ್ತು ದಿನದೊಳಗೆ ಕೊಡಗು ಅವರ ಕೈಸೇರಿತು. 1834ರ ಯುದ್ಧವನ್ನು ನಮ್ಮ ಮಕ್ಕಳಿಗೆ ಇಷ್ಟರಲ್ಲೇ ಹೇಳಿ ಮುಗಿಸುತ್ತೇವೆ. ಕಾದಾಡಿ ಸತ್ತವರಿಗೆ ಇದಕ್ಕಿಂತ ಅನ್ಯಾಯ ಬೇರೆ ಬೇಕೆ? ಈ ಯುದ್ಧವನ್ನು ಶಾಲೆಗಳಲ್ಲಿ ನಕ್ಷೆ ಹಾಸಿ, ದಾಳ ಉರುಳಿಸಿ ಆಡಿಸಬೇಕು ಎಂಬುದು ನನ್ನ ಒತ್ತಾಯ.

ಯುದ್ಧದಾಟ ಚದುರಂಗದಂತಲ್ಲ. ಅಲ್ಲಿ ಕಾಲಾಳು ಆನೆಯನ್ನು ಹೊಡೆದರೆ ಆನೆ ಹೋಯಿತು, ಕಾಲಾಳಿಗೆ ಗೀರೂ ಬೀಳುವುದಿಲ್ಲ. ಪ್ರಷ್ಯದ ಸೇನಾಧಿಕಾರಿ ರೈಸ್ವಿಟ್ಸ್ 1824ರಲ್ಲಿ ಪ್ರಕಟಿಸಿದ ಆಟದಲ್ಲಿ ತುಕಡಿಗಳು ದಾಳ ಬಿದ್ದಂತೆ ಸ್ವಲ್ಪ ಸ್ವಲ್ಪವೇ ಸವೆಯುತ್ತವೆ. ಅಮೆರಿಕದ ಚಾರ್ಲ್ಸ್ ರಾಬರ್ಟ್ಸ್ 1950ರ ದಶಕದಲ್ಲಿ ಅಂಥ ಆಟವನ್ನು ಅಂಗಡಿಗೆ ತಂದರು. ಎರಡೂ ಕಡೆಯ ಬಲ ಹೋಲಿಸು, ದಾಳ ಹಾಕು, ಫಲಿತಾಂಶದ ಕೋಷ್ಟಕ ಓದು. ಎದುರಾಳಿಯ ಮೂರುಪಟ್ಟು ಬಲವಿದ್ದರೂ ಒಮ್ಮೊಮ್ಮೆ ಬರುವ ಫಲ ‘ವಿನಿಮಯ’: ಅವನು ಅಳಿದ, ಅಷ್ಟೇ ಬಲ ನೀನೂ ಕಳೆದುಕೊಂಡೆ.

ಕೋಷ್ಟಕ ಹೇಳುವುದು ಒಂದು ಕಾಳಗದ ಲೆಕ್ಕ ಮಾತ್ರ. ಎಷ್ಟು ನಷ್ಟವಾದ ಮೇಲೆ ಪಡೆ ನಿಲ್ಲಲಾರದು ಎಂಬ ಗೆರೆಯನ್ನು ಒಳ್ಳೆಯ ಆಟಗಳು ಬೇರೆಯಾಗಿಯೇ ಎಳೆಯುತ್ತವೆ. ಕೊಡಗಿನ ಕತೆ ತಿಳಿಯಬೇಕಾದರೆ ಆ ಗೆರೆ ನೋಡಬೇಕು.

ಈಸ್ಟ್ ಇಂಡಿಯಾ ಕಂಪನಿಯ ಪಡೆ ನಾಲ್ಕು ದಂಡುಗಳಾಗಿ ಬಂತು. ಉತ್ತರದ ದಂಡು ಏಪ್ರಿಲ್ 3ರಂದು, ಬ್ರಿಟಿಷ್ ದಾಖಲೆಗಳು ‘ಬಕ್’ ಎನ್ನುವ ಕಡೆ ಕಟ್ಟಿದ್ದ ಒಡ್ಡಿಗೆ ನುಗ್ಗಿತು. ಗಂಟೆಗಟ್ಟಲೆ ಕಾದಾಡಿದರೂ ಒಡ್ಡು ಬೀಳಲಿಲ್ಲ. 55ನೇ ರೆಜಿಮೆಂಟಿನ ಕರ್ನಲ್ ಮಿಲ್ ಅಲ್ಲೇ ಸತ್ತ, ದಂಡು ಹಿಮ್ಮೆಟ್ಟಿತು. ಕುಂಬಳೆಯಿಂದ ಹೊರಟಿದ್ದ ಕರ್ನಲ್ ಜಾಕ್ಸನ್‌ನ ದಂಡಿಗೂ ಪೆಟ್ಟು ಬಿದ್ದು ಅದು ಕರಾವಳಿಗೆ ವಾಪಸಾಯಿತು. ಕೋಷ್ಟಕದಲ್ಲಿ ಎರಡೂ ಕೊಡಗಿನ ಗೆಲುವುಗಳೇ.

ಕಂಪನಿ ಈ ಎರಡು ಪೆಟ್ಟನ್ನೂ ತಾಳಿಕೊಂಡಿತು. ಅತ್ತ ಲಿಂಡ್ಸೆಯ ಪೂರ್ವದ ದಂಡು ಏಪ್ರಿಲ್ 6ರಂದು ಮಡಿಕೇರಿ ಕೋಟೆಗೆ ಕಾಲಿಟ್ಟಿತು. ಅಷ್ಟರಲ್ಲಿ ಕೊಡಗಿನ ರಾಜ ಚಿಕ್ಕವೀರರಾಜೇಂದ್ರ ನಾಲ್ಕುನಾಡು ಅರಮನೆ ಸೇರಿದ್ದ, ದಿವಾನ ಬೋಪು ಇಂಗ್ಲಿಷರ ಕಡೆಗಿದ್ದ. 10ರಂದು ರಾಜನೇ ಶರಣಾದ. ಒಡ್ಡಿನ ಹಿಂದಿದ್ದವರ ಕೆಚ್ಚು ಕುಗ್ಗಿರಲಿಲ್ಲ. ತಾಳಿಕೆ ಮುಗಿದದ್ದು ಅರಮನೆಯಲ್ಲಿ. ಮದ್ದುಗುಂಡು ಎಷ್ಟು ಉಳಿದಿತ್ತು ಎಂಬುದಕ್ಕಿಂತ ರಾಜನ ಧೈರ್ಯ ಎಷ್ಟು ಉಳಿದಿತ್ತು ಎಂಬುದೇ ದೊಡ್ಡ ಪ್ರಶ್ನೆ ಎಂದು ನಾನು ನಂಬಿದ್ದೇನೆ.

ಆದ್ದರಿಂದ ಈ ಆಟದಲ್ಲಿ ಕೊಡಗಿಗೆ ಎರಡು ಲೆಕ್ಕ ಬೇಕು: ಪಡೆಗಳ ಬಲ ಒಂದು, ರಾಜನ ಧೈರ್ಯ ಇನ್ನೊಂದು. ಲಿಂಡ್ಸೆ ಒಂದು ಮನೆ ಮುಂದೆ ಬಂದಂತೆಲ್ಲ ಧೈರ್ಯ ಒಂದು ಇಳಿಯಲಿ. ಬಕ್‌ನ ಗೆಲುವು ಅದನ್ನು ಏರಿಸಲಿ, ಆದರೆ ಸುದ್ದಿ ಕಾಡುದಾರಿಯಲ್ಲಿ ಮಡಿಕೇರಿ ಮುಟ್ಟಿದ ಮೇಲೆಯೇ. ಧೈರ್ಯ ಸೊನ್ನೆಗಿಳಿದರೆ ಪಡೆ ಎಷ್ಟೇ ಉಳಿದಿರಲಿ, ಆಟ ಮುಗಿಯಿತು.

ಆರಂಭಕ್ಕೆ ಮಡಿಕೇರಿಯಲ್ಲಿ 2021ರಲ್ಲಿ ತೆರೆದ ಜನರಲ್ ತಿಮ್ಮಯ್ಯ ವಸ್ತುಸಂಗ್ರಹಾಲಯದಲ್ಲಿ ಇದಕ್ಕೊಂದು ಮೇಜು ಸಿಕ್ಕರೆ ಸಾಕು. ತಾಲ್ಲೂಕು ನಕ್ಷೆ, ಮರದ ಬಿಲ್ಲೆಗಳು, ಎರಡು ದಾಳ. ಏಪ್ರಿಲ್ 2ರಿಂದ 10ರವರೆಗೆ, ದಿನಕ್ಕೊಂದು ಸರದಿಯಂತೆ ಆಡಿದರೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ.