ನಾಳ ಉಳಿಸಬೇಕೆ, ತೆಗೆಯಬೇಕೆ?

‘ಡಾಕ್ಟ್ರೇ, ನಾಳ ಮಾತ್ರ ತೆಗೀಬೇಡಿ ಅಂತ ಹೇಳಿ. ಅವಳಿಗೆ ಇನ್ನೂ ಒಂದೂ ಮಗುವಾಗಿಲ್ಲ.’ ಗರ್ಭಕೋಶದ ಹೊರಗೆ ಬಸಿರು ಕಟ್ಟಿದೆಯೆಂದು ಸ್ಕ್ಯಾನಿಂಗ್‌ನಲ್ಲಿ ತಿಳಿದಾಗ ಮನೆಯವರು ಆಡುವ ಮೊದಲ ಮಾತು ಸಾಮಾನ್ಯವಾಗಿ ಇದೇ. ಅವರ ಆತಂಕ ಅರ್ಥವಾಗುವಂಥದ್ದು. ಆದರೆ ಈ ಹಟ ಬಹಳಷ್ಟು ಸಲ ಅನಗತ್ಯ ಎಂಬುದು ನನ್ನ ಅಭಿಪ್ರಾಯ.

ಇಂಥ ಬಸಿರುಗಳಲ್ಲಿ ಶೇಕಡ 90ಕ್ಕೂ ಹೆಚ್ಚು ಕಟ್ಟುವುದು ಗರ್ಭನಾಳದಲ್ಲಿ. ಗರ್ಭಕೋಶದಂತೆ ಹಿಗ್ಗುವ ಶಕ್ತಿ ಆ ತೆಳು ನಾಳಕ್ಕಿಲ್ಲ. ಬಸಿರು ಬೆಳೆದಂತೆ ಅದು ಒಡೆದು ಹೊಟ್ಟೆಯೊಳಗೆ ರಕ್ತ ತುಂಬಿಕೊಳ್ಳುತ್ತದೆ. ಭ್ರೂಣವನ್ನು ಎತ್ತಿ ಗರ್ಭಕೋಶದಲ್ಲಿ ನೆಡಲಾಗದೇ ಎಂದು ಕೆಲವರು ಕೇಳುತ್ತಾರೆ. ಆಗದು.

ಬಸಿರು ಚಿಕ್ಕದಿದ್ದು ನಾಳ ಒಡೆಯದಿದ್ದರೆ ಕೆಲವರಿಗೆ ಮೆಥೊಟ್ರೆಕ್ಸೇಟ್ ಇಂಜೆಕ್ಷನ್ ಸಾಕು. ಶಸ್ತ್ರಚಿಕಿತ್ಸೆಯೇ ಬೇಕಾದರೆ ದಾರಿ ಎರಡು: ನಾಳವನ್ನು ಸೀಳಿ ಬಸಿರನ್ನಷ್ಟೇ ತೆಗೆಯುವುದು, ಇಲ್ಲವೆ ನಾಳವನ್ನೇ ತೆಗೆಯುವುದು. ಮೊದಲನೆಯದೇ ಲೇಸೆಂದು ಯಾರಿಗಾದರೂ ತೋರುತ್ತದೆ. ಇನ್ನೊಂದು ನಾಳ ಚೆನ್ನಾಗಿದ್ದ 446 ಮಹಿಳೆಯರಲ್ಲಿ ಈ ಎರಡನ್ನೂ ಹೋಲಿಸಿ ನೋಡಿದ ಅಧ್ಯಯನವೊಂದು 2014ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮೂರು ವರ್ಷಗಳೊಳಗೆ ತಾವಾಗಿಯೇ ಮತ್ತೆ ಬಸಿರು ನಿಂತವರು, ನಾಳ ಉಳಿಸಿದವರಲ್ಲಿ ಶೇ. 60.7, ತೆಗೆದವರಲ್ಲಿ ಶೇ. 56.2. ಸಂಖ್ಯಾಶಾಸ್ತ್ರದ ಪ್ರಕಾರ ಈ ಅಂತರಕ್ಕೆ ಮಹತ್ವವಿಲ್ಲ. ಆದರೆ ನಾಳ ಉಳಿಸಿದ ಶೇ. 7 ಮಂದಿಯಲ್ಲಿ ಬಸಿರಿನ ಅಂಶ ಒಳಗೇ ಉಳಿದುಕೊಂಡಿತ್ತು. ತೆಗೆದವರಲ್ಲಿ ಅದು ಶೇ. 1ಕ್ಕಿಂತ ಕಡಿಮೆ.

ಹೀಗಾಗಿ ನಾಳ ಉಳಿಸಿಕೊಂಡವರು ವಾರಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕು, ಬಸಿರಿನ ಹಾರ್ಮೋನು ಪೂರ್ತಿ ಇಳಿಯುವವರೆಗೆ. ಊರು ದೂರ, ಕೂಲಿ ತಪ್ಪುತ್ತದೆ ಎಂದು ನಡುವೆ ಬಿಟ್ಟವಳಿಗೆ ಉಳಿಸಿದ ಆ ನಾಳವೇ ಮತ್ತೆ ಒಡೆಯಬಹುದು. ಇನ್ನೊಂದು ನಾಳ ಸೋಂಕಿನಿಂದ ಕೆಟ್ಟಿದ್ದರೆ ಅಥವಾ ಮೊದಲೇ ತೆಗೆದಿದ್ದರೆ ಮಾತು ಬೇರೆ. ಆಗ ಉಳಿಸಲು ಪ್ರಯತ್ನಿಸುವುದು ನ್ಯಾಯ. ಉಳಿದವರಿಗೆ ತೆಗೆಯುವುದೇ ಕ್ಷೇಮವೆಂದು ನಾನು ಹೇಳುತ್ತೇನೆ. ಒಂದು ಬದಿಯ ಅಂಡಾಣುವನ್ನು ಎದುರು ಬದಿಯ ನಾಳ ಎಳೆದುಕೊಳ್ಳುವುದೂ ಉಂಟು!

ಅಂದಹಾಗೆ, ಒಪ್ಪಿಗೆ ಕೊಡಬೇಕಾದವಳು ಅವಳೇ, ಅತ್ತೆಯಲ್ಲ, ಗಂಡನೂ ಅಲ್ಲ. ಪ್ರಜ್ಞೆಯಿರುವ ವಯಸ್ಕ ರೋಗಿಯ ಒಪ್ಪಿಗೆಯನ್ನು ಆಕೆಯಿಂದಲೇ ಪಡೆಯಬೇಕೆಂದು ಸುಪ್ರೀಂ ಕೋರ್ಟ್ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ.

ಇನ್ನೊಂದು ಹಟ ‘ಲೇಸರ್ ಆಪರೇಷನ್’ ಬಗ್ಗೆ. ನಮ್ಮ ಜನ ಹಾಗೆನ್ನುವುದು ಲ್ಯಾಪರೊಸ್ಕೋಪಿಗೆ. ರೋಗಿಯ ನಾಡಿ, ರಕ್ತದೊತ್ತಡ ಸರಿಯಿದ್ದರೆ ಅದೇ ಒಳ್ಳೆಯದು: ಗಾಯ ಚಿಕ್ಕದು, ಬೇಗ ಮನೆಗೆ ಹೋಗಬಹುದು. ಆದರೆ ಮುಟ್ಟು ತಪ್ಪಿದವಳಿಗೆ ಕಿಬ್ಬೊಟ್ಟೆಯಲ್ಲಿ ತೀವ್ರ ನೋವು, ಭುಜದ ತುದಿಯಲ್ಲಿ ನೋವು, ಕಣ್ಣು ಕತ್ತಲೆ ಬಂದಿದ್ದರೆ, ಹೊಟ್ಟೆ ಕೊಯ್ದು ಮಾಡುವ ಹಳೆಯ ಶಸ್ತ್ರಚಿಕಿತ್ಸೆಯೇ ಬೇಗ ಆಗುವುದಾದರೆ ಅದೇ ಆಗಲಿ. ಶಸ್ತ್ರವೈದ್ಯರು, ಅರಿವಳಿಕೆ ತಜ್ಞರು, ರಕ್ತ ಮೂರೂ ತಾಲ್ಲೂಕು ಆಸ್ಪತ್ರೆಯಲ್ಲೇ ಇರುವಾಗ, ಚಿಕ್ಕ ಗಾಯದ ಆಸೆಗೆ ಅವಳನ್ನು ಕಾರಿನಲ್ಲಿ ಮಲಗಿಸಿಕೊಂಡು ದೊಡ್ಡ ಊರಿಗೆ ಹೊರಡಬೇಡಿ.

ಅವಳ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಶಸ್ತ್ರಚಿಕಿತ್ಸೆಯ ನಂತರ ಆಂಟಿ-ಡಿ ಇಂಜೆಕ್ಷನ್ ಬಗ್ಗೆ ಮರೆಯದೆ ಕೇಳಿ. ಒಮ್ಮೆ ಹೀಗಾದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಮತ್ತೆ ಹೀಗಾಗುತ್ತದೆ. ಆದ್ದರಿಂದ ಮುಂದಿನ ಬಸಿರಿನಲ್ಲಿ ಮೂರು ತಿಂಗಳು ತುಂಬಲಿ ಎಂದು ಕಾಯದೆ, ಆರನೇ ವಾರದ ಹೊತ್ತಿಗೇ ಸ್ಕ್ಯಾನಿಂಗ್ ಮಾಡಿಸಿ.