ಕೊಳಗ ದೊಡ್ಡದಾದರೆ ರಾಶಿ ಬೆಳೆಯದು

ಹಳೆಯ ಸ್ಪೋರ್ಟ್ಸ್ ಕಾರುಗಳ ಹವ್ಯಾಸಿಗಳಲ್ಲಿ ಒಂದು ನಂಬಿಕೆ ಬಲವಾಗಿ ಬೇರೂರಿದೆ. ಎಂಜಿನ್ನಿಗೆ ಹೋಗುವ ಗಾಳಿಯನ್ನು ಅಳೆಯುವ ಏರ್‌ಫ್ಲೋ ಮೀಟರ್ ಕಳಚಿ, ಅದಕ್ಕಿಂತ ದೊಡ್ಡದನ್ನು ಕೂರಿಸಿದರೆ ಕಾರಿನ ಬಲ ಹೆಚ್ಚುತ್ತದೆ ಎಂಬುದು ಆ ನಂಬಿಕೆ. ಇದಕ್ಕೆ ಹೆಸರಾದ ಉದಾಹರಣೆ 1989ರಲ್ಲಿ ಬಂದ ಮಜ್ದಾ ಎಂಎಕ್ಸ್-5, ಅಮೆರಿಕನ್ನರ ಬಾಯಲ್ಲಿ ಮಿಯಾಟಾ. 1.6 ಲೀಟರ್ ಎಂಜಿನ್, ಸುಮಾರು 116 ಅಶ್ವಶಕ್ತಿ. ಅದೇ ಕಂಪನಿಯ ಆರ್‌ಎಕ್ಸ್-7 ಕಾರಿನ ಅಗಲವಾದ ಮೀಟರನ್ನು ತಂದು ಇದಕ್ಕೆ ಜೋಡಿಸುವುದು ಅಲ್ಲಿನ ಹವ್ಯಾಸಿಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಖರ್ಚು ಕಡಿಮೆ, ಕೆಲಸ ಸಲೀಸು, ಫಲ ಕೈಗೇ ಸಿಕ್ಕಂತೆ ತೋರುತ್ತದೆ. ಆದರೆ ಈ ಬದಲಾವಣೆಯಿಂದ ಎಂಜಿನ್ನಿಗೆ ಹೆಚ್ಚುವರಿಯಾಗಿ ಸಿಗುವ ಗಾಳಿ ಅತ್ಯಲ್ಪ. ಅದರ ಕಂಪ್ಯೂಟರಿಗೆ ತಲುಪುವ ಲೆಕ್ಕ ಮಾತ್ರ ಪೂರ್ತಿ ಏರುಪೇರಾಗುತ್ತದೆ. ಆ ಲೆಕ್ಕವನ್ನು ತಿದ್ದುವ ಸಿದ್ಧತೆ ಇಲ್ಲದವರು ಮೀಟರನ್ನು ಮುಟ್ಟದಿರುವುದೇ ಲೇಸು.

ಮೊದಲು ಆ ಸಾಧನದ ಕೆಲಸವನ್ನು ನೋಡೋಣ. ಜರ್ಮನಿಯ ಬಾಷ್ ಕಂಪನಿ 1970ರ ದಶಕದಲ್ಲಿ ಎಲ್-ಜೆಟ್ರಾನಿಕ್ ಎಂಬ ಇಂಧನ ಚಿಮ್ಮಿಸುವ ವ್ಯವಸ್ಥೆಯ ಭಾಗವಾಗಿ ಬಳಕೆಗೆ ತಂದ ಮೀಟರಿನೊಳಗೆ ಸ್ಪ್ರಿಂಗ್ ಬಿಗಿದ ಒಂದು ಪುಟ್ಟ ಬಾಗಿಲಿರುತ್ತದೆ. ಒಳನುಗ್ಗುವ ಗಾಳಿ ಅದನ್ನು ತಳ್ಳುತ್ತದೆ. ಬಾಗಿಲು ಎಷ್ಟು ತೆರೆಯಿತು ಎಂಬುದು ವೋಲ್ಟೇಜ್ ರೂಪದಲ್ಲಿ ಇಸಿಯುಗೆ, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿಗೆ ಹೋಗುತ್ತದೆ. ಎಂಎಕ್ಸ್-5ರ 1.6 ಎಂಜಿನ್ನಿನದೂ ಇದೇ ಬಗೆಯ ಮೀಟರು. ಗಾಳಿಯನ್ನು ಎಳೆದುಕೊಳ್ಳುವ ಕೆಲಸ ಪಿಸ್ಟನ್ನುಗಳದು. ಎಷ್ಟು ಎಳೆಯಬಹುದು ಎಂಬುದನ್ನು ಸಿಲಿಂಡರಿನ ಗಾತ್ರ, ವಾಲ್ವು, ಕ್ಯಾಮ್‌ಶಾಫ್ಟುಗಳು ತೀರ್ಮಾನಿಸುತ್ತವೆ. ನಿಮಿಷಕ್ಕೆ 6,500 ಸುತ್ತು ತಿರುಗುವ 1.6 ಲೀಟರ್ ಎಂಜಿನ್ ಎರಡು ಸುತ್ತಿಗೊಮ್ಮೆ ತುಂಬಿಕೊಳ್ಳುತ್ತದೆ. ಒಂದು ಹನಿಯೂ ಕೊರತೆಯಾಗದೆ ತುಂಬಿದರೂ ನಿಮಿಷಕ್ಕೆ 5,200 ಲೀಟರ್ ಗಾಳಿ. ಕಣದಲ್ಲಿ ಅಳೆಯುವ ಕೊಳಗವನ್ನು ದೊಡ್ಡದು ಮಾಡಿದರೆ ರಾಶಿ ಬೆಳೆಯುವುದಿಲ್ಲ, ಎಣಿಕೆ ಕಡಿಮೆಯಾಗುತ್ತದೆ. ಇಲ್ಲಿ ಆಗುವುದೂ ಅದೇ. ದೊಡ್ಡ ಮೀಟರಿನಲ್ಲಿ ಅಷ್ಟೇ ಗಾಳಿಗೆ ಬಾಗಿಲು ಕಡಿಮೆ ತೆರೆಯುತ್ತದೆ. ಗಾಳಿ ಕಡಿಮೆ ಬಂತೆಂದು ತಿಳಿದ ಇಸಿಯು ಪೆಟ್ರೋಲನ್ನೂ ಕಡಿಮೆ ಚಿಮ್ಮಿಸುತ್ತದೆ.

ತಪ್ಪಿನ ಪ್ರಮಾಣ ಎಷ್ಟಿರಬಹುದು? ಬಾಗಿಲಿನ ಬದಲು ಬಿಸಿ ತಂತಿಯಿಂದ ಅಳೆಯುವ, ನಂತರದ ತಲೆಮಾರಿನ ಮೀಟರುಗಳಲ್ಲಿ ಈ ಲೆಕ್ಕ ಸುಲಭ. ಕೊಳವೆಯ ವ್ಯಾಸ ಶೇ 10ರಷ್ಟು ಹಿಗ್ಗಿದರೆ ಅದರ ಬಾಯಿಯ ವಿಸ್ತೀರ್ಣ ಶೇ 21ರಷ್ಟು ಹಿಗ್ಗುತ್ತದೆ. ತಂತಿಯ ಮೇಲೆ ಹಾಯುವ ಗಾಳಿಯ ವೇಗ ಅಷ್ಟರಮಟ್ಟಿಗೆ ತಗ್ಗಿ, ಇಸಿಯು ನಿಜಕ್ಕಿಂತ ಸುಮಾರು ಶೇ 17ರಷ್ಟು ಕಡಿಮೆ ಗಾಳಿ ಎಂದು ಎಣಿಸುತ್ತದೆ. ಪೂರ್ಣ ಥ್ರಾಟಲ್‌ನಲ್ಲಿ (ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ) ಪೆಟ್ರೋಲಿನ ಒಂದು ಪಾಲಿಗೆ 12.5 ಪಾಲು ಗಾಳಿ ಇರಬೇಕಾದ ಕಡೆ ಅದು 15.1ಕ್ಕೆ ಏರುತ್ತದೆ. ಪೆಟ್ರೋಲ್ ಪೂರ್ತಿ ಉರಿಯಲು ಬೇಕಾದ ಅನುಪಾತವೇ 14.7 ಎಂಬುದನ್ನು ನೆನೆದರೆ, ಎಂಜಿನ್ ದುಡಿಯುವ ಹೊತ್ತಿಗೇ ಅದಕ್ಕೆ ಇಂಧನದ ಬರ ತಂದಂತಾಯಿತು. ಇದಕ್ಕಿಂತ ಕಣ್ಣಿಗೆ ಬೀಳದ ಅಪಾಯ ಇನ್ನೊಂದಿದೆ. ಎಂಜಿನ್ನಿನ ಮೇಲೆ ಹೊರೆ ಎಷ್ಟಿದೆ ಎಂಬುದನ್ನೂ ಇಸಿಯು ಇದೇ ಮೀಟರಿನಿಂದ ಊಹಿಸುತ್ತದೆ. ಹೊರೆ ಹಗುರ ಎಂದುಕೊಂಡರೆ ಕಿಡಿಯನ್ನು ಬೇಗ ಹಾರಿಸುತ್ತದೆ. ಇಂಧನ ಕಡಿಮೆ, ಕಿಡಿ ಅಕಾಲ. ಎರಡೂ ಕೂಡಿದಾಗ ನಾಕಿಂಗ್, ಅಂದರೆ ಸಿಲಿಂಡರಿನೊಳಗೆ ಮಿಶ್ರಣ ಹತೋಟಿ ತಪ್ಪಿ ಸಿಡಿಯುವುದು, ಶುರುವಾಗಿ ಪಿಸ್ಟನ್ನಿಗೇ ಕುತ್ತು.

ಕಾರಿನ ಬಲ ಅಳೆಯುವ ಡೈನೊ ಯಂತ್ರದ ಮೇಲೆ ಶಕ್ತಿ ಹೆಚ್ಚಿದ್ದನ್ನು ಕಣ್ಣಾರೆ ಕಂಡವರಿದ್ದಾರಲ್ಲ ಎಂಬುದು ಮೊದಲ ಆಕ್ಷೇಪ. ಅವರು ಹೇಳುವುದು ಸುಳ್ಳಲ್ಲ. ಕಾರ್ಖಾನೆಗಳು ಎಂಜಿನ್ ಸುರಕ್ಷಿತವಾಗಿರಲೆಂದು ಪೂರ್ಣ ಥ್ರಾಟಲ್‌ನಲ್ಲಿ ಬೇಕಾದುದಕ್ಕಿಂತ ತುಸು ಹೆಚ್ಚೇ ಪೆಟ್ರೋಲ್ ಸುರಿಯುವಂತೆ ಹೊಂದಿಸಿರುವುದುಂಟು. ಅಂಥ ಕಡೆ ದೊಡ್ಡ ಮೀಟರ್ ಹೇಳುವ ತಪ್ಪು ಲೆಕ್ಕ ಆ ಹೆಚ್ಚುವರಿಯನ್ನು ಕಡಿದು ನಾಲ್ಕಾರು ಅಶ್ವಶಕ್ತಿ ತರಬಹುದು. ಅದು ಮಿಶ್ರಣ ಸರಿಹೋದದ್ದರ ಫಲ. ಹಳೆಯ ಮೀಟರನ್ನೇ ಉಳಿಸಿಕೊಂಡು ಇಂಧನದ ಹೊಂದಾಣಿಕೆ ತಿದ್ದಿದರೂ ಸಿಗುವಂಥದ್ದು. ಹೊಸ ಮೀಟರಿನ ಸ್ಪ್ರಿಂಗ್ ಸಡಿಲಿಸಿ ಎಲ್ಲವನ್ನೂ ಸರಿದೂಗಿಸುತ್ತೇವೆ ಎನ್ನುವವರೂ ಇದ್ದಾರೆ. ಸ್ಪ್ರಿಂಗ್ ತಿರುವಿದರೆ ಒಂದು ವೇಗದಲ್ಲಿ ಲೆಕ್ಕ ಕೂಡಬಹುದು, ಉಳಿದ ವೇಗಗಳಲ್ಲಿ ತಪ್ಪು ಹಾಗೆಯೇ ಉಳಿಯುತ್ತದೆ. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ನೋಡಿ ಇಸಿಯುಗೆ ತಿಳಿಸುವ ಆಕ್ಸಿಜನ್ ಸೆನ್ಸರ್ ಸರಿಪಡಿಸೀತು ಎಂಬ ಭರವಸೆಯೂ ಅರ್ಧ ಸತ್ಯ. ಈ ತಲೆಮಾರಿನ ಕಾರುಗಳಲ್ಲಿ ಅದರ ಮಾತಿಗೆ ಬೆಲೆ ಸಾವಧಾನದ ಓಟದಲ್ಲಿ ಮಾತ್ರ. ಥ್ರಾಟಲ್ ಪೂರ್ತಿ ಒತ್ತಿದಾಗ ಇಸಿಯು ಅದನ್ನು ಕೇಳುವುದಿಲ್ಲ. ಊರೊಳಗೆ ನಯವಾಗಿ ಓಡುವ ಕಾರು ಹೆದ್ದಾರಿಯಲ್ಲಿ ಕೆಡುವುದು ಇದರಿಂದಲೇ.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಆ ಬಾಗಿಲು ಗಾಳಿಗೆ ಅಡ್ಡವಾಗಿರುವುದು ನಿಜವಲ್ಲವೇ? ನಿಜ. 1.8 ಲೀಟರ್ ಎಂಜಿನ್ ತಂದಾಗ ಮಜ್ದಾ ತಾನೇ ಬಾಗಿಲನ್ನು ಬಿಟ್ಟು ಬಿಸಿ ತಂತಿಗೆ ಹೋಯಿತು. ಆದರೆ ಅಡ್ಡಿಯನ್ನು ಊಹಿಸಬೇಕಾಗಿಲ್ಲ, ಅಳೆಯಬಹುದು. ನೀರು ತುಂಬಿದ ಪಾರದರ್ಶಕ ಕೊಳವೆಯನ್ನು ಮೀಟರಿನ ಹಿಂದೆ ಮುಂದೆ ಜೋಡಿಸಿ ಪೂರ್ಣ ಥ್ರಾಟಲ್‌ನಲ್ಲಿ ನೋಡಿದರೆ ಸಾಕು. ಎರಡು ಬದಿಯ ನೀರಿನ ಮಟ್ಟದಲ್ಲಿ 20 ಸೆಂಟಿಮೀಟರ್ ಅಂತರ ಬಂದರೆ ಒತ್ತಡದ ನಷ್ಟ ಸುಮಾರು 2 ಕಿಲೋಪಾಸ್ಕಲ್, ಅಂದರೆ ವಾತಾವರಣದ ಒತ್ತಡದ ಶೇ 2ರಷ್ಟು. ಆಗ ಮೀಟರನ್ನೇ ಕಿತ್ತೆಸೆದರೂ 116ರ ಮೇಲೆ ಸಿಗುವುದು ಎರಡು ಚಿಲ್ಲರೆ ಅಶ್ವಶಕ್ತಿ. ಬಾಗಿಲು ಪೂರ್ತಿ ತೆರೆದುಕೊಂಡ ಮೇಲೂ ಎಂಜಿನ್ ಇನ್ನಷ್ಟು ಗಾಳಿ ಎಳೆಯುತ್ತಿದ್ದರೆ ಮಾತು ಬೇರೆ. ಟರ್ಬೊ ಹಾಕಿದಾಗ ಹೀಗಾಗುತ್ತದೆ. ಮೀಟರಿನ ಎಣಿಕೆ ಅಲ್ಲಿಗೇ ನಿಂತು ಹೆಚ್ಚುವರಿ ಗಾಳಿಗೆ ಇಂಧನವೇ ಸಿಗದು. ಅಲ್ಲಿ ದೊಡ್ಡ ಮೀಟರ್ ಅನಿವಾರ್ಯ, ಜೊತೆಗೆ ಅದಕ್ಕೆ ತಕ್ಕಂತೆ ಇಸಿಯುವಿನ ಲೆಕ್ಕಪಟ್ಟಿಯನ್ನು ಹೊಸದಾಗಿ ಬರೆಯುವುದೂ ಅನಿವಾರ್ಯ.

ಹಾಗಾಗಿ ದೊಡ್ಡ ಮೀಟರ್ ಕೆಟ್ಟದ್ದೆಂದು ಯಾರೂ ಹೇಳಬೇಕಾಗಿಲ್ಲ. ಅದು ಬರಬೇಕಾದ ಸರದಿ ತಪ್ಪುತ್ತಿದೆ ಎಂಬುದಷ್ಟೇ ತಕರಾರು. ಒತ್ತಡದ ನಷ್ಟ ಎಷ್ಟು, ಪೂರ್ಣ ಥ್ರಾಟಲ್‌ನಲ್ಲಿ ಗಾಳಿ–ಪೆಟ್ರೋಲ್ ಅನುಪಾತ ಎಷ್ಟು, ಬಾಗಿಲು ಕೊನೆ ಮುಟ್ಟಿದೆಯೇ? ಈ ಮೂರಕ್ಕೆ ಅಂಕಿಯಲ್ಲಿ ಉತ್ತರ ಸಿಕ್ಕ ಮೇಲೆ ಮೀಟರ್ ಕೊಳ್ಳಬಹುದು. ಮಾರುವವರೂ ಅಶ್ವಶಕ್ತಿಯ ಆಸೆ ತೋರಿಸುವ ಮೊದಲು ತಮ್ಮ ಮೀಟರ್ ಎಷ್ಟು ಗಾಳಿಗೆ ಎಷ್ಟು ವೋಲ್ಟೇಜ್ ಕೊಡುತ್ತದೆ ಎಂಬ ಪಟ್ಟಿಯನ್ನು ಕೊಡಲಿ. ಆ ಪಟ್ಟಿ ಇಲ್ಲದ ಮೀಟರ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ದುಬಾರಿಯೇ, ಏಕೆಂದರೆ ಅದರ ಉಳಿದ ಬೆಲೆಯನ್ನು ಎಂಜಿನ್ ತೆರಬೇಕಾಗುತ್ತದೆ.