ಹೊಲಕ್ಕೆ ನಿವೃತ್ತಿ ಇಲ್ಲ, ನಮಗೆ ವಯಸ್ಸಾಗುತ್ತದೆ

ಬಂಗಾರಪೇಟೆಯಲ್ಲಿ ರೈತರು ಸಿಕ್ಕರೆ ಕೇಳೋದು ಒಂದೇ: 'ನಮಗೂ ಪಿಂಚಣಿ ಐತೇನಪ್ಪ?'

ಕೆಜಿಎಫ್ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅಲ್ಲಿ ದುಡಿದವರ ವಯಸ್ಸು ಕಂಪನಿ ದಾಖಲೆಯಲ್ಲಿತ್ತು. ನಮ್ಮದು ಯಾರೋ ಅಂದಾಜಿನಲ್ಲಿ ಬರೆದದ್ದು.

2019ರ ಕೇಂದ್ರದ ಕಿಸಾನ್ ಮಾನ್‌ಧನ್ ಪಿಂಚಣಿಗೆ 18ರಿಂದ 40 ವಯಸ್ಸಿನವರು ಮಾತ್ರ ಸೇರಬಹುದು. ನನಗಾಗಲೇ ಐವತ್ತು. ಇನ್ನುಳಿದದ್ದು ಬಡವರಿಗೆ 60ಕ್ಕೆ ವೃದ್ಧಾಪ್ಯ ವೇತನ, 65ಕ್ಕೆ ಸಂಧ್ಯಾ ಸುರಕ್ಷಾ. ಎರಡಕ್ಕೂ ವಯಸ್ಸಿನ ದಾಖಲೆಯೇ ಬೀಗದ ಕೈ.

ನಮ್ಮ ಭಾವನಿಗೆ ಮಂಡಿ ಸವೆದು ರಾಗಿ ಹೊಲದಲ್ಲಿ ಕೂರಕ್ಕಾಗಲ್ಲ. ಆದರೆ ಆಧಾರ್‌ನಲ್ಲಿ ನಾಲ್ಕು ವರ್ಷ ಚಿಕ್ಕವರು! ಅಂಗವಿಕಲ ವೇತನ ಕೇಳೋಣವೆಂದರೆ ಕನಿಷ್ಠ ಶೇ. 40 ಅಂಗವೈಕಲ್ಯದ ಪ್ರಮಾಣ ಪತ್ರ ಬೇಕು. ಆಸ್ಪತ್ರೆ ಸೇರುವಂತಾದರೆ ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್‌ನಲ್ಲಿ ವರ್ಷಕ್ಕೆ 5 ಲಕ್ಷ ರೂ.ವರೆಗೆ ನೆರವಿದೆ. ದಿನದ ಗಂಜಿಗೆ ಅದು ಆಗೋದಿಲ್ಲ.

ನನ್ನ ಏಳನೇ ಕ್ಲಾಸಿನ ಟಿ.ಸಿ. ಪೆಟ್ಟಿಗೆಯಲ್ಲಿ ಭದ್ರವಾಗಿದೆ. ಶಾಲೆಯ ಮೆಟ್ಟಿಲನ್ನೇ ಹತ್ತದವರು ಏನು ತೋರಿಸಬೇಕು? ನಾಡಕಚೇರಿಯಲ್ಲೇ ಊರ ಹಿರಿಯರ ಸಾಕ್ಷಿ ಪಡೆದು ವಯಸ್ಸು ತಿದ್ದಿಕೊಡುವ ಏರ್ಪಾಡು ಆಗಲಿ.

ಅಲ್ಲಿಯವರೆಗೆ, ರೈತ ಮಿತ್ರರೇ, ಬಿತ್ತುವ ಮುಂಚೆ ಬೀಜ ನೋಡ್ತೀರಲ್ಲ, ಹಾಗೇ ಅರವತ್ತು ತುಂಬುವ ಮುಂಚೆ ಆಧಾರ್, ರೇಷನ್ ಕಾರ್ಡು ಎರಡನ್ನೂ ಹೊರತೆಗೆದು ವಯಸ್ಸು ತಾಳೆಯಾಗುತ್ತದಾ ನೋಡಿಕೊಳ್ಳಿ.